ಹಿಂದಿನಿಂದ ಕೂಗಿದ್ದು

ಪುಟ್ಟಿ, ಅಪ್ಪಿ, ನಿಮ್ಮ ತಾತ ಎದೆನೋವು ಬಂದು ತೀರಿಕೊಂಡರು ಅಂತ ನಾನೇ ನಿಮಗೆ ಹೇಳಿದ್ದೆ. ಅದು ಸುಳ್ಳು. ಅವರು ತಾವಾಗಿ ಜೀವ ಕಳೆದುಕೊಂಡರು. ಇದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗುವುದಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ತಾತ ವನಗೂರಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳಿಗೆ ಕೆಲಸ ಹಂಚಿ ದಿನವಿಡೀ ತೋಟ ಸುತ್ತುವುದು ಅವರ ಕೆಲಸ. ಮಳೆಗಾಲದಲ್ಲಿ ತೋಟಕ್ಕೆ ಕಾಲಿಟ್ಟರೆ ಇಂಬಳ ಹತ್ತಿ ರಕ್ತ ಹೀರುತ್ತವೆ. ಅದಕ್ಕೆ ನಾನು ಬಟ್ಟೆಯ ತುಂಡಿನಲ್ಲಿ ಉಪ್ಪು, ಹೊಗೆಸೊಪ್ಪಿನ ಪುಡಿ ಹಾಕಿ ಗಂಟು ಕಟ್ಟಿ ಒಂದು ಗಿಡ್ಡ ಕೋಲಿನ ತುದಿಗೆ ಬಿಗಿದು ಕೊಡುತ್ತಿದ್ದೆ. ಗಂಟು ಮುಟ್ಟಿಸಿದರೆ ಇಂಬಳ ಉದುರುತ್ತದೆ. ಮದುವೆಯಾದ ಮೇಲೆ ಒಂದು ಮಳೆಗಾಲದಲ್ಲೂ ಆ ಕೋಲಿಲ್ಲದೆ ಅವರು ಕೆಲಸಕ್ಕೆ ಹೋದವರಲ್ಲ.

ಆ ಬೆಳಿಗ್ಗೆ ಕೋಲು ಬಾಗಿಲ ಹಿಂದೆಯೇ ನಿಂತಿತ್ತು. ನಾನು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದೆ. ಅವರು ಅಂಗಳ ದಾಟುತ್ತಿದ್ದರು. ಕರೆಯಬೇಕು ಅನ್ನಿಸಿತು. ಆದರೆ ಹೊರಟವರನ್ನು ಹಿಂದಿನಿಂದ ಕೂಗಬಾರದು, ಎಲ್ಲಿಗೆ ಅಂತ ಕೇಳಬಾರದು, ಹೋದ ಕೆಲಸ ಕೆಡುತ್ತದೆ ಅಂತ ನನ್ನ ಅವ್ವ ಹೇಳಿಕೊಟ್ಟಿದ್ದಳು. ಮರೆತಿರಬೇಕು, ಸಂಜೆ ಬಂದಮೇಲೆ ಕಾಲಿಗೆ ಬಿಸಿನೀರು ಕೊಟ್ಟರಾಯಿತು ಅಂದುಕೊಂಡು ರೊಟ್ಟಿ ಮಗುಚಿ ಹಾಕಿದೆ.

ಅವರು ತೋಟಕ್ಕೆ ಹೋಗುತ್ತಿರಲಿಲ್ಲ. ಮಧ್ಯಾಹ್ನ ಸಿಕ್ಕಾಗ ಇನ್ನೂ ಉಸಿರಿತ್ತಂತೆ. ಜೀಪು ಹುಡುಕಿ ತಂದು ಸಕಲೇಶಪುರದ ದಾರಿ ಹಿಡಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾಕೆ ಹಾಗೆ ಮಾಡಿಕೊಂಡರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಕೆಲವು ತಿಂಗಳಿಂದ ನಿದ್ದೆ ಮಾಡುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ, ಕರೆದರೆ ಎಲ್ಲಿಂದಲೋ ಬಂದವರ ಹಾಗೆ ನೋಡುತ್ತಿದ್ದರು. ಅದೂ ಒಂದು ಕಾಯಿಲೆ, ಡಾಕ್ಟರಿಗೆ ತೋರಿಸಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಿಮ್ಮಮ್ಮನಿಗೆ ಆಗ ಹತ್ತೊಂಬತ್ತು ವರ್ಷ. ತಿಥಿ ಮುಗಿದ ಮಾರನೇ ದಿನ ಕೋಲು ಕೈಯಲ್ಲಿ ಹಿಡಿದು ಬಂದು ಕೇಳಿದಳು.

"ಅಪ್ಪ ಇದನ್ನ ಬಿಟ್ಟು ಹೋಗಿದ್ದು ನೀನು ನೋಡ್ದ್ಯಾ ಅವ್ವ?"

ನಾನು ಕೋಲು ಇಸಿದುಕೊಂಡು ಮತ್ತೆ ಬಾಗಿಲ ಹಿಂದೆ ಇಟ್ಟೆ. ಅವಳು ಮತ್ತೆ ಕೇಳಲೂ ಇಲ್ಲ. ಒಂದೇ ಒಲೆಯ ಅನ್ನ ಉಂಡುಕೊಂಡು ಆರೇಳು ತಿಂಗಳು ಮಾತಿಲ್ಲದೆ ಇದ್ದೆವು. ಆಮೇಲೆ ಅವಳ ತಟ್ಟೆಯಲ್ಲಿ ಅನ್ನ ಮಿಗತೊಡಗಿತು. ರಾತ್ರಿಯೆಲ್ಲ ಹೊರಳುವುದು ಕೇಳುತ್ತಿತ್ತು. ಒಂದು ದಿನ ಕರೆದಾಗ ತಿರುಗಿ ನೋಡಿದಳು. ಅದೇ ನೋಟ.

ಕಾಫಿ ಕೊಯ್ಲು ಮುಗಿದ ಮೇಲೆ ಶಾಲೆಯ ಟೀಚರಮ್ಮ ಮನೆಗೆ ಬಂದರು. ನಮ್ಮ ಕಡೆಯ ಹಳ್ಳಿಗಳಿಗೆ ರೋಗಿಗಳನ್ನು ಸಾಗಿಸುವ ಒಂದು ಗಾಡಿ ಬೇಕು, ಅದಕ್ಕೆ ಹೆಂಗಸರೆಲ್ಲ ಬಿಸಿಲೆಯಿಂದ ಆಲೂರಿನವರೆಗೆ ನಾಲ್ಕು ದಿನ ನಡೆದು ಮನೆ ಮನೆಯಲ್ಲಿ ಸಹಾಯ ಕೇಳೋಣ, ದುಡ್ಡಿಲ್ಲದವರು ಒಂದು ಹಿಡಿ ಮೆಣಸು ಕೊಡಲಿ ಅಂದರು. ನಾನು ತಲೆ ಅಲ್ಲಾಡಿಸಿದೆ. ನಾಲ್ಕು ಜನರ ಮುಂದೆ ನಿಲ್ಲುವುದೆಂದರೆ ನನಗೆ ಆಗಲೂ ಈಗಲೂ ಬೆವರು ಬರುತ್ತದೆ. ಒಳಗಿನಿಂದ ನಿಮ್ಮಮ್ಮ, "ನಾನು ಹೋಗ್ತೀನಿ" ಅಂದಳು. ಅಷ್ಟಾದ ಮೇಲೆ ನಾನು ಉಳಿಯುವುದು ಹೇಗೆ? ಅವಳನ್ನು ಕಣ್ಣಿಂದ ಮರೆಯಾಗಲು ಬಿಡಬಾರದು ಅಂತ ಹೊರಟೆ. ಪುಣ್ಯಕ್ಕಾಗಿ ನಡೆದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನಾವು ಮೂವತ್ತು ಜನ. ಒಬ್ಬೊಬ್ಬರ ಹೆಗಲಿಗೂ ಒಂದೊಂದು ಚೀಲ. ಮೊದಲನೇ ದಿನವೇ ನನ್ನ ಹಿಮ್ಮಡಿ ಒಡೆಯಿತು. ನಾನು ನೋಡಿದ್ದು ನಿಮ್ಮಮ್ಮನ ಕಾಲನ್ನು ಮಾತ್ರ. ಅವಳು ನಿಂತರೆ ನಿಲ್ಲುತ್ತಿದ್ದೆ, ಅವಳು ನಡೆದರೆ ನಡೆಯುತ್ತಿದ್ದೆ. ಎಸ್ಟೇಟಿನ ಆಳುಗಳ ಲೈನ್ ಮನೆಯಿಂದ ಬಂದಿದ್ದ ಒಬ್ಬಳು ಬಾಯಿಬಡುಕಿ ನನ್ನ ಪಕ್ಕದಲ್ಲಿ ಬರುತ್ತಿದ್ದಳು.

"ಏನಕ್ಕ, ಮಗಳ ಹಿಂದೆ ಸಾಕಿದ ಮೇಕೆ ಬಂದಂಗೆ ಬರ್ತೀರಲ್ಲ, ಒಂದು ಹಗ್ಗ ಕಟ್ಕೊಂಡ್ಬುಡಿ ಅತ್ಲಾಗೆ!"

ಎಲ್ಲರೂ ನಕ್ಕರು. ಕಟ್ಟಿಕೊಳ್ಳುವ ಹಾಗಿದ್ದರೆ ನಿಜಕ್ಕೂ ಕಟ್ಟಿಕೊಳ್ಳುತ್ತಿದ್ದೆ.

ಒಂದು ಮನೆಯಲ್ಲಿ ಯಜಮಾನತಿ ಎಲ್ಲರನ್ನೂ ಒಳಗೆ ಕರೆದು ಮಜ್ಜಿಗೆ ಕೊಟ್ಟರು. ನಮ್ಮಿಬ್ಬರ ಹತ್ತಿರ ಬಂದು, "ನೀವು ಆ ರೈಟರ್ ಮನೆಯೋರಲ್ವಾ? ಇಲ್ಲೇ ಜಗಲಿ ಮೇಲೆ ಕೂತ್ಕೊಳ್ಳಿ, ತಂದ್ಕೊಡ್ತೀನಿ" ಅಂದರು. ಕೆಟ್ಟವರೇನಲ್ಲ, ಹಾಗೆ ಸತ್ತವರ ಮನೆಯವರು ಅಂತ ಹೆದರಿಕೆ. ನಾನು ಕುಡಿದೆ. ನಿಮ್ಮಮ್ಮ ಲೋಟ ಮುಟ್ಟದೆ ಎದ್ದು ರಸ್ತೆಗೆ ಹೋದಳು. ಆ ಮಧ್ಯಾಹ್ನ, ರಾತ್ರಿ ಏನೂ ತಿನ್ನಲಿಲ್ಲ.

ಮೂರನೇ ದಿನ ಸಕಲೇಶಪುರ ಇನ್ನೂ ಸ್ವಲ್ಪ ದೂರವಿತ್ತು. ಬಿಸಿಲು ಏರಿತ್ತು. ರಸ್ತೆ ಬಳಸುವ ಕಡೆ ಒಂದು ಮೋರಿ, ಅದರ ಪಕ್ಕದಿಂದ ತೋಟದೊಳಗೆ ಇಳಿಯುವ ಕಾಲುದಾರಿ, ಕೆಳಗೆ ಗಿಡಗಳ ಸಂದಿಯಲ್ಲಿ ಎಸ್ಟೇಟಿನ ಕೆರೆಯ ನೀರು ಹೊಳೆಯುತ್ತಿತ್ತು. ನಿಮ್ಮಮ್ಮ ಹೆಗಲ ಚೀಲ ತೆಗೆದು ಮೋರಿಯ ಕಟ್ಟೆಯ ಮೇಲಿಟ್ಟಳು. ಯಾರ ಮುಖವನ್ನೂ ನೋಡದೆ ಕಾಲುದಾರಿಗೆ ಇಳಿದಳು.

ಚೀಲ ಕಟ್ಟೆಯ ಮೇಲಿತ್ತು. ಅವಳ ಬೆನ್ನು ಕಾಫಿ ಗಿಡಗಳ ನಡುವೆ ಸಣ್ಣದಾಗುತ್ತಿತ್ತು. ನನಗೆ ಬಾಗಿಲ ಹಿಂದಿನ ಕೋಲು ಕಂಡಿತು. ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ನಲವತ್ತು ವರ್ಷ ಹೊರಟವರನ್ನು ಕೂಗದ ಗಂಟಲು ಅದು. ಮತ್ತೆ ತೆರೆದೆ.

"ಮಗಾ! ನಿಂತ್ಕೊಳೇ! ಹೋಗ್ಬೇಡ ಕಣೇ, ಹೋಗ್ಬೇಡ!"

ಹೆಂಗಸರೆಲ್ಲ ನಿಂತರು. ಎದುರಿಗೆ ಬರುತ್ತಿದ್ದ ಜೀಪೂ ನಿಂತಿತು. ನಿಮ್ಮಮ್ಮ ತಿರುಗಿದಳು. ಮುಖ ಕೆಂಪಾಗಿತ್ತು.

"ಏನವ್ವಾ ನಿಂದು? ಒಂದಕ್ಕೆ ಹೋಗ್ತಿದೀನಿ. ಅದನ್ನೂ ಊರಿಗೆಲ್ಲ ಡಂಗುರ ಹೊಡೀಬೇಕಾ?"

ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಜೀಪಿನವನೂ ನಕ್ಕ. ನಾನು ರಸ್ತೆಯ ಮೇಲೇ ಕುಸಿದು ಕೂತೆ. ಅವಳು ಮೇಲೆ ಹತ್ತಿ ಬಂದು ನನ್ನ ಮುಂದೆ ನಿಂತಳು. ನನ್ನ ಬಾಯಿಂದ ತಾನಾಗಿ ಬಂತು.

"ನೋಡಿದ್ದೆ ಕಣೇ. ಕೋಲು ಬಿಟ್ಟು ಹೋಗಿದ್ನ ನೋಡಿದ್ದೆ. ಕೂಗ್ಲಿಲ್ಲ."

ಅವಳು ಪಕ್ಕದಲ್ಲಿ ಕೂತಳು. ಉಳಿದವರು ಮುಂದೆ ಹೋದರು.

"ಅವ್ವ, ಈಗ ನಿಜವಾಗ್ಲೂ ಅವಸರ ಐತೆ" ಅಂದಳು ಕೊನೆಗೆ.

"ನಾನೂ ಬರ್ತೀನಿ."

"ಬಾ."

ಅವಳು ಅದಕ್ಕೇ ಇಳಿದಿದ್ದಳೋ, ಕೆರೆಗೋ, ನನಗೆ ಗೊತ್ತಿಲ್ಲ. ಕೇಳಿಲ್ಲ. ನೀವೂ ಕೇಳಬೇಡಿ.

ಮರುದಿನ ಆಲೂರು ಮುಟ್ಟಿದೆವು. ತಾಲ್ಲೂಕು ಆಫೀಸಿನ ಮುಂದೆ ಹೂವಿನ ಹಾರ ಹಾಕಿದರು, ಎರಡು ಮಾತಾಡಿ ಅಂದರು, ನನಗೆ ಆಗಲಿಲ್ಲ. ಮುಟ್ಟಿದರೆ ಎದೆಯ ಭಾರ ಇಳಿಯುತ್ತದೆ ಅಂದುಕೊಂಡಿದ್ದೆ. ಇಳಿಯಲಿಲ್ಲ. ಇಳಿದದ್ದು ಮೆಣಸಿನ ಚೀಲ ಒಂದೇ. ಬಸ್ಸಿನಲ್ಲಿ ವಾಪಸ್ ಬರುವಾಗ ನಾಲ್ಕು ದಿನ ನಡೆದ ದಾರಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಿಂದೆ ಸರಿಯಿತು. ಮನೆಯಲ್ಲಿ ಕೋಲು ಅಲ್ಲೇ ಇತ್ತು. ಆ ವಾರವೇ ಟೀಚರಮ್ಮನ ಜೊತೆ ನಿಮ್ಮಮ್ಮನನ್ನು ಹಾಸನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮೆಲ್ಲಗೆ ಉಣ್ಣತೊಡಗಿದಳು. ಗಾಡಿಯೂ ಬಂತು, ಮುಂದಿನ ಮಳೆಗಾಲಕ್ಕೆ. ಅದರ ಸದ್ದು ಕೇಳಿದಾಗಲೆಲ್ಲ, ಒಂದು ವರ್ಷ ಮೊದಲು ಬರಬಾರದಿತ್ತೇ ಅಂತ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಒಂದು ಸಲ ಕೂಗಿದ್ದರೆ ನಿಮ್ಮ ತಾತ ನಿಲ್ಲುತ್ತಿದ್ದರೋ ಇಲ್ಲವೋ. ನಿಲ್ಲುತ್ತಿರಲಿಲ್ಲ ಅಂತ ಡಾಕ್ಟರು ಹೇಳಲಿಲ್ಲ, ನಿಲ್ಲುತ್ತಿದ್ದರು ಅಂತಲೂ ಹೇಳಲಿಲ್ಲ. ನೀವು ಸ್ಕೂಲಿಗೆ ಹೊರಟಾಗ ನಾನು ಗೇಟಿನವರೆಗೆ ಓಡಿ ಬಂದು ಹಿಂದಿನಿಂದ ಕೂಗುತ್ತೇನಲ್ಲ, "ಅಜ್ಜಿ, ಬಸ್ ಹೋಗ್ಬುಡ್ತೈತೆ" ಅಂತ ಸಿಡುಕುತ್ತೀರಲ್ಲ, ಅದು ಇದಕ್ಕೆ. ಸಿಡುಕಿ, ಆದರೆ ತಿರುಗಿ ನೋಡಿ. ನಿಮಗೂ ಯಾವತ್ತಾದರೂ ನಿದ್ದೆ ಬರದೆ ಹೋದರೆ, ಊಟ ಸೇರದೆ ಹೋದರೆ, ನನ್ನ ಹಾಗೆ ಬಾಯಿ ಮುಚ್ಚಿಕೊಂಡು ಇರಬೇಡಿ.

ನಮ್ಮ ಕಡೆ ಮಳೆಗೆ ಕಾಗದ ಬೇಗ ಬೂಸಲು ಹಿಡಿಯುತ್ತದೆ. ಈ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನನ್ನ ಟ್ರಂಕಿನ ತಳದಲ್ಲಿ ಇಡಿ, ತಾತನ ಕೋಲಿನ ಪಕ್ಕದಲ್ಲಿ. ಕಳೆಯಬೇಡಿ.