ಗೋರಿಯಿಂದ ಎದ್ದ ಪಿನ್ನಿನ ಪಡಿಯಚ್ಚು

ತೊಂಬತ್ತರ ದಶಕದ ಆರಂಭದಲ್ಲಿ ನಾನು ಒಮಾನಿನ ಮತ್ರಾದ ಹಳೆ ಪೇಟೆಯ ಬೆಳ್ಳಿ ಅಂಗಡಿಯೊಂದರಲ್ಲಿ ಅಕ್ಕಸಾಲಿಯಾಗಿದ್ದೆ. ಒಮ್ಮೆ ಶಾಲೆಯಲ್ಲಿ ಪಾಠ ಹೇಳುವ ಇಂಗ್ಲಿಷ್ ಹೆಂಗಸೊಬ್ಬರು ಪೆನ್ಸಿಲಿನಲ್ಲಿ ಬರೆದ ಚಿತ್ರವೊಂದನ್ನು ತಂದರು. ಎರಡು ಉದ್ದನೆಯ ಪಿನ್ನು, ತುದಿಗೆ ಕೆಂಪು ಕಲ್ಲು, ಎರಡನ್ನೂ ಸೇರಿಸುವ ಸಣ್ಣ ಸರಪಳಿ.

"ಆಂಗ್ಲೋ-ಸ್ಯಾಕ್ಸನ್ ಕಾಲದ್ದು, ಸಾವಿರ ವರ್ಷಕ್ಕಿಂತ ಹಳೆಯದು. ನಮ್ಮ ಹೆಂಗಸರು ತಲೆವಸ್ತ್ರಕ್ಕೆ ಇದನ್ನು ಚುಚ್ಚಿಕೊಳ್ಳುತ್ತಿದ್ದರು. ನನಗೆ ಇಂಥದ್ದೊಂದು ಜೋಡಿ ಮಾಡಿಕೊಡಿ," ಎಂದರು.

ಇಂಗ್ಲೆಂಡಿನ ಹೆಂಗಸರೂ ತಲೆ ಮುಚ್ಚುತ್ತಿದ್ದರೆಂದು ನನಗೆ ಅವತ್ತೇ ಗೊತ್ತಾದದ್ದು. ಕೈ ಪಳಗಲೆಂದು ಮೊದಲು ಮಾಡಿದ ಜೋಡಿಯನ್ನು ಹೆಂಡತಿಗೆ ಕೊಟ್ಟೆ. ಅವಳು ಸೆರಗಿಗೆ ಹಾಕಿಕೊಂಡಳು. ಎರಡನೆಯದು ಟೀಚರಿಗೆ. ಅದನ್ನು ಅಂಗಡಿಯಲ್ಲಿ ಕಂಡ ಒಮಾನಿ ಗಿರಾಕಿಯೊಬ್ಬರು ಮಗಳ ಮದುವೆಗೆ ಎಂಟು ಜೋಡಿ ಬೇಕೆಂದರು. ವಯಸ್ಸಾದವರು, ಚೆನ್ನಾಗಿ ಹಿಂದಿ ಮಾತಾಡುತ್ತಿದ್ದರು. ನಾವೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು.

ಎಂಟೂ ಮುಗಿದ ವಾರ ಟೀಚರು ಸಂತೋಷದಿಂದ ಒಂದು ಪುಸ್ತಕ ತಂದು ತೋರಿಸಿದರು. ಪುಟದ ತುಂಬ ಅಗೆದು ತೆರೆದ ಗೋರಿ, ಅದರೊಳಗೆ ಹೆಂಗಸೊಬ್ಬಳ ಅಸ್ಥಿಪಂಜರ. ಮಗ್ಗುಲಾಗಿ ಮಲಗಿತ್ತು. ದವಡೆಯ ಕೆಳಗೆ, ಕತ್ತಿನ ಮೂಳೆಗೆ ಒರಗಿಕೊಂಡು, ನಾನು ಮಾಡಿದಂಥದ್ದೇ ಪಿನ್ನು. ನನ್ನ ಕೈಯಲ್ಲಿದ್ದ ಇಕ್ಕುಳ ಕೆಳಗೆ ಬಿತ್ತು.

ಹಮ್ರಿಯಾದಲ್ಲಿದ್ದ ನಮ್ಮ ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ಹೆಣದ ಮೈಮೇಲೆ ಇದ್ದದ್ದಾ?"

"ಅದಲ್ಲ ಮಾರಾಯ್ತಿ. ಅದನ್ನು ನೋಡಿ ಮಾಡಿದ್ದು."

"ಎರಡು ತಿಂಗಳು ಎದೆ ಮೇಲೆ ಹಾಕ್ಕೊಂಡಿದ್ದೇನಲ್ಲ ನಾನು." ಪಿನ್ನನ್ನು ಕಿತ್ತು ಕಿಟಕಿಯ ಮೇಲಿಟ್ಟು ನೇರ ಸ್ನಾನಕ್ಕೆ ಹೋದಳು. ಬಂದವಳೇ ಹೇಳಿದಳು: "ಮದುವೆ ಮನೆಗೆ ಹೋಗುವಂಥದ್ದು. ಹೇಳದೆ ಕೊಡ್ಲಿಕ್ಕಿಲ್ಲ ನೀವು."

ಮರುದಿನ ಖಾಲಾ ಬಂದಾಗ ಹೇಳಿದೆ. ಆರ್ಡರು ಹೋಯಿತೆಂದೇ ತಿಳಿದಿದ್ದೆ. ಅವರು ಎಂಟು ಜೋಡಿಯನ್ನೂ ಒಂದೊಂದಾಗಿ ಮುಟ್ಟಿ ನೋಡಿದರು.

"ಇವು ಮಣ್ಣು ಕಂಡಿಲ್ಲವಲ್ಲ, ನೀನು ಮಾಡಿದ್ದು. ಆ ಹೆಂಗಸನ್ನು ಮತ್ತೆ ಮಣ್ಣು ಮಾಡಿದರಾ?"

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಟೀಚರಿಗೆ ಫೋನು ಮಾಡಿ ಕೇಳಿದೆ.

"ಇಲ್ಲ. ಮ್ಯೂಸಿಯಮ್ಮಿನ ಪೆಟ್ಟಿಗೆಯಲ್ಲಿರಬೇಕು. ಬಹುಶಃ ಒಂದು ನಂಬರು ಬರೆದಿಟ್ಟಿರುತ್ತಾರೆ."

ಅದನ್ನು ಹಾಗೆಯೇ ಹಿಂದಿಯಲ್ಲಿ ಹೇಳಿದೆ. ಖಾಲಾ ಸ್ಟೂಲು ಎಳೆದುಕೊಂಡು ಕೂತರು.

"ಯಾರದೋ ತಾಯಿ ಅವಳು. ಮಕ್ಕಳು ತಲೆ ಮುಚ್ಚಿ, ಪಿನ್ನು ಚುಚ್ಚಿ ಮಲಗಿಸಿದ್ದರು. ಅಗೆದು ಪೆಟ್ಟಿಗೆಗೆ ಹಾಕಿದರಾ?"

ಪಿನ್ನು ಕಂಡು ಮೈಲಿಗೆಯೆಂದು ಹೆದರಿದವರು ನಾವು. ಆ ಹೆಂಗಸಿನ ವಿಷಯ ಗಂಡಹೆಂಡಿರಿಬ್ಬರೂ ಒಂದು ಮಾತು ಆಡಿರಲಿಲ್ಲ. ಖಾಲಾ ಕಣ್ಣು ಮುಚ್ಚಿ ಏನೋ ಪ್ರಾರ್ಥಿಸಿದರು. ಆಮೇಲೆ ಎದ್ದು, "ಯಲ್ಲಾ, ಆಗಲಿ, ಕಟ್ಟಿಕೊಡು," ಎಂದರು. ಮದುವೆಯಲ್ಲಿ ಮನೆಯ ಹೆಂಗಸರೆಲ್ಲ ಅವನ್ನೇ ಹಾಕಿಕೊಂಡರಂತೆ. ಇನ್ನೂ ನಾಲ್ಕು ಮನೆಯವರು ಕೇಳಿಕೊಂಡು ಬಂದರು. ನಾನು ಮಾಡಲಿಲ್ಲ. ಇಕ್ಕುಳ ಹಿಡಿದರೆ ಆ ದವಡೆಯೇ ಎದುರಿಗೆ ಬರುತ್ತಿತ್ತು.