ಸೀರೆಯ ಅಚ್ಚಿದ್ದ ನಲವತ್ತು ಹಾಳೆಗಳು

ಕೊನೆಯ ಹಾಳೆಯೂ ರೋಲರ್ ದಾಟಿ ಆಚೆ ಬಿದ್ದ ಮೇಲೆ ಗೊತ್ತಾಯಿತು, ನಾನು ಎಂಥ ಕೆಲಸ ಮಾಡಿಬಿಟ್ಟೆ ಅಂತ.

ವಸಂತನರಸಾಪುರದ ಹತ್ತಿರ ನಾವು ಆರು ಜನ ಹೆಂಗಸರು ಕೈಯಲ್ಲೇ ಕಾಗದ ಮಾಡುತ್ತೇವೆ. ಹತ್ತಿ ಬಟ್ಟೆಯ ಚೂರುಗಳನ್ನು ಅರೆದು, ತೊಟ್ಟಿಯ ನೀರಿಗೆ ಕಲಸಿ, ಜರಡಿಯಲ್ಲಿ ಎತ್ತುತ್ತೇವೆ.

ಹಸಿ ಹಾಳೆಯ ಮೇಲೆ ಏನು ಹಾಸಿ ಪ್ರೆಸ್‌ಗೆ ಕೊಡುತ್ತೇವೋ ಅದರ ಅಚ್ಚೇ ಹಾಳೆಗೆ ಬರುತ್ತದೆ. ಗೋಣಿ ಹಾಸಿದರೆ ಗೋಣಿಯ ನೇಯ್ಗೆ, ಕಂಬಳಿ ಹಾಸಿದರೆ ಕಂಬಳಿಯದು. ಕಾರ್ಡ್ ಮಾಡಿಸುವವರು ಇದಕ್ಕೇ ಟೆಕ್ಸ್ಚರ್ ಅನ್ನುತ್ತಾರೆ.

ಜರಡಿ ಎತ್ತುವವರು ಗುಬ್ಬಿಯ ಗಿರಿಜಕ್ಕ. ಹೋದ ವಾರ ಅವರ ಅಮ್ಮ ತೀರಿಕೊಂಡರು.

ಅವರ ಮನೆಯಲ್ಲಿ ಸತ್ತವರ ಬಟ್ಟೆ ಇಟ್ಟುಕೊಳ್ಳುವ ಪದ್ಧತಿ ಇಲ್ಲ, ಯಾರಿಗಾದರೂ ಕೊಟ್ಟುಬಿಡಬೇಕು. ಕೊಡುವ ಮೊದಲು ಅಮ್ಮನ ಒಂದು ಹಳೇ ಹತ್ತಿ ಸೀರೆಯನ್ನು ಕೆಲಸದ ಜಾಗಕ್ಕೆ ತಂದರು.

"ಅಮ್ಮನ ಶಿವಗಣಾರಾಧನೆ ಕಾರ್ಡ್‌ಗೆ ಇದ್ರ ಅಚ್ಚು ಬರ್ಲಿ ಕಣೇ. ಸೀರೆ ಹೆಂಗೂ ಹೋಗುತ್ತೆ, ಇದಾದ್ರೂ ಎಲ್ಲಾರ್ ಮನೇಲೂ ಇರ್ಲಿ" ಅಂದರು.

ಸೆರಗು ಹರಿದಿದ್ದ ಕಡೆ ಅವರಮ್ಮ ತಾವೇ ದಪ್ಪ ದಾರದಲ್ಲಿ ಹೊಲಿದುಕೊಂಡಿದ್ದರು. ಗಿರಿಜಕ್ಕ ಅದೇ ಜಾಗವನ್ನು ಒಂದೊಂದು ಹಾಳೆಗೂ ಹಾಸಿ ಪ್ರೆಸ್ ಮಾಡಿದರು. ನಲವತ್ತು ಹಾಳೆ, ನಲವತ್ತರ ಮೂಲೆಯಲ್ಲೂ ಆ ಸೊಟ್ಟ ಹೊಲಿಗೆ. ಬೆರಳಾಡಿಸಿದರೆ ಒಂದೊಂದು ದಾರವೂ ಸಿಗುತ್ತಿತ್ತು...

ಹಾಳೆಗಳನ್ನು ಒಣಹಾಕಿ, ಸೀರೆ ತೆಗೆದುಕೊಂಡು ಅವರು ಊರಿಗೆ ಹೋದರು.

ನನ್ನದು ರೋಲರ್ ಕೆಲಸ. ಒಣಗಿ ಮುದುರಿದ ಹಾಳೆಯನ್ನು ಎರಡು ಕಬ್ಬಿಣದ ಉರುಳೆಗಳ ನಡುವೆ ಬಿಟ್ಟರೆ ನೇರವಾಗಿ, ನುಣ್ಣಗೆ ಬರುತ್ತದೆ. ಅಚ್ಚಿನ ಹಾಳೆಯನ್ನು ಮಾತ್ರ ಅದಕ್ಕೆ ಕೊಡಬಾರದು. ಒಂಬತ್ತು ವರ್ಷದಿಂದ ಮಾಡುತ್ತಿರುವ ನನಗೆ ಅದು ಗೊತ್ತಿಲ್ಲದ್ದೇನಲ್ಲ.

ಆದರೂ... ಪಾಪ, ಅಕ್ಕ ಬರುವಷ್ಟರಲ್ಲಿ ಅವರ ಹಾಳೆ ರೆಡಿ ಮಾಡಿಡೋಣ ಅಂತ ಎತ್ತಿಕೊಂಡೆ. ತಲೆ ತುಂಬ ಅವರ ಅಮ್ಮನದೇ ಯೋಚನೆ. ಕೈ ತನ್ನ ಪಾಡಿಗೆ ಹಾಳೆ ಬಿಡುತ್ತಾ ಹೋಯಿತು.

ಆಚೆ ಕಡೆ ಹೋಗಿ ನೋಡುತ್ತೇನೆ, ನಲವತ್ತೂ ನುಣ್ಣಗಿವೆ. ಹೊಲಿಗೆ ಇಲ್ಲ.

ಗಿರಿಜಕ್ಕನಿಗೆ ಫೋನ್ ಮಾಡಿದೆ. ಸೀರೆಯನ್ನು ಅವತ್ತು ಬೆಳಿಗ್ಗೆಯೇ ಕೊಟ್ಟಾಗಿತ್ತು, ಯಡಿಯೂರಿಗೆ ಹೊರಟಿದ್ದ ಯಾರೋ ಅಜ್ಜಿಗೆ. ಆ ಅಜ್ಜಿ ಯಾವ ಊರಿನವರೋ ಅಕ್ಕನಿಗೂ ಗೊತ್ತಿಲ್ಲ.

"ಬುಡು, ನೀನೇನ್ ಬೇಕು ಅಂತ ಮಾಡಿದ್ಯಾ" ಅಂದರು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಅದೇ ಹಾಳೆಗಳಲ್ಲೇ ಕಾರ್ಡ್ ಪ್ರಿಂಟ್ ಆಯಿತು. ಗಿರಿಜಕ್ಕ ನನಗೂ ಒಂದು ಕೊಟ್ಟರು. ಕೊಡುವಾಗ ಅವರ ಹೆಬ್ಬೆರಳು ಹೊಲಿಗೆ ಇದ್ದ ಮೂಲೆಯಲ್ಲೇ ಆಡುತ್ತಿತ್ತು.

ಕಾರ್ಡ್ ನೋಡಿದವರೆಲ್ಲ ಪೇಪರ್ ಎಷ್ಟು ನೈಸಾಗಿದೆ ಅನ್ನುತ್ತಿದ್ದಾರೆ.

ನಾಳೆ ಗುಬ್ಬಿಯಲ್ಲಿ ಆರಾಧನೆ. ಯಾವ ಮುಖ ಹೊತ್ತುಕೊಂಡು ಹೋಗಲಿ, ನೀವೇ ಹೇಳಿ?