ವರ್ನಾ ಮಿಸ್ಸಿನ ಹತ್ತು ಹಾಜರಿ

ವರ್ನಾ ಕ್ರೆನೆಕ್ ಅವರ ತರಗತಿ ಕೋಣೆಯಿಂದ ಹಾಜರಿ ಚೀಟಿ ಒಂಬತ್ತೂವರೆಗೆ ನನ್ನ ಮೇಜಿಗೆ ಬರಬೇಕು. ಹ್ಯೂಸ್ಟನ್ನಿನ ನಮ್ಮ ಕಲಾ ಶಾಲೆಯ ಆಫೀಸಿನಲ್ಲಿ ನನ್ನ ಕೆಲಸವೇ ಅದು. ಐದು ತಿಂಗಳ ಮಗುವನ್ನು ಶಿಶುವಿಹಾರದಲ್ಲಿ ಬಿಟ್ಟು ಬಂದು, ಫೋನು ಸದ್ದು ಮಾಡಿದಾಗಲೆಲ್ಲ ಜ್ವರವೇ ಬಂತೇನೋ ಎಂದು ಬೆಚ್ಚುತ್ತಾ ಕೂತಿರುತ್ತೇನೆ.

ಸರ್ಕಾರ ಹೇಗೆ ನಡೆಯುತ್ತದೆ ಎಂಬ ಪಾಠದಲ್ಲಿ ಪಾಸಾಗದೆ ಇಲ್ಲಿ ಯಾರೂ ಶಾಲೆ ಮುಗಿಸುವಂತಿಲ್ಲ. ಕುಣಿಯುವ, ಹಾಡುವ ಮಕ್ಕಳು ವರ್ಷವಿಡೀ ತಾಲೀಮಿಗೆ ಬಿಡುವು ಸಿಗಲೆಂದು ಅದನ್ನು ಜೂನಿನ ಮೂರು ವಾರಗಳಲ್ಲೇ ಗಬಗಬ ನುಂಗಿ ಮುಗಿಸುತ್ತಾರೆ. ಎರಡು ದಿನ ತಪ್ಪಿಸಿದರೆ ಹೆಸರು ಹೊಡೆದುಹಾಕುತ್ತಾರೆ. ಮಕ್ಕಳು ಹತ್ತಕ್ಕಿಂತ ಕಡಿಮೆಯಾದರೆ ತರಗತಿಯೇ ಮುಚ್ಚುತ್ತದೆ; ಉಳಿದವರು ಮೇಷ್ಟರಿಲ್ಲದೆ ಕಂಪ್ಯೂಟರಿನ ಮುಂದೆ ಕೂತು ಕಲಿಯಬೇಕು. ಈ ಸಲ ವರ್ನಾ ಅವರ ಬಳಿ ಇದ್ದದ್ದು ಸರಿಯಾಗಿ ಹತ್ತು ಮಕ್ಕಳು.

ಅವರ ಗಂಡ ತೀರಿಕೊಂಡು ನಾಲ್ಕು ವರ್ಷ. ನಿವೃತ್ತಿಯಾದ ಮೇಲೂ ಬೇಸಿಗೆ ತರಗತಿಗೆಂದೇ ಬರುತ್ತಿದ್ದರು. "ಮನೇಲಿ ನನ್ನ ಮಾತು ಕೇಳೋದು ಫ್ರಿಜ್ ಒಂದೇ. ಅದೂ ಎದುರು ಗೊಣಗುತ್ತೆ," ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಅವರ ಜೊತೆ ಊಟಕ್ಕೆ ಮಾತ್ರ ನಾನು ಒಂದು ದಿನವೂ ಕೂರಲಿಲ್ಲ.

ಎರಡನೆಯ ಬುಧವಾರ ಒಂಬತ್ತಕ್ಕೆ ಫೋನು. ನೃತ್ಯದ ಹುಡುಗಿ ಒಡಾಲಿಸ್.

"ಮಿಸ್, ನಾನು ಡಲ್ಲಾಸ್‌ನಲ್ಲಿದೀನಿ, ಆಡಿಷನ್‌ಗೆ. ಆಗ್ಲೇ ಒಂದಿನ ತಪ್ಪಿಸಿದ್ದೆ... ಏನಾಗುತ್ತೆ?"

"ಏನಾಗುತ್ತೆ ಅಂತ ನಿನಗೇ ಗೊತ್ತಲ್ಲಮ್ಮ," ಎಂದೆ.

ಆದರೆ ಬಂದ ಚೀಟಿಯಲ್ಲಿ ಹತ್ತೂ ಹಾಜರಿ, ಒಡಾಲಿಸ್ ಕೂಡ. ಚೀಟಿ ಹಿಡಿದು ಕೋಣೆಗೆ ಓಡಿದೆ. ವಿಷಯ ಕೇಳಿ ವರ್ನಾ ಕನ್ನಡಕ ತೆಗೆದರು. ಬೋರ್ಡಿನ ಮೇಲೆ ಪಾಠದ ತಲೆಬರಹ ಬರೆಯುತ್ತಲೇ ಹೆಸರು ಕೂಗುವುದು ಅವರ ರೂಢಿ. ಮುಖ ನೋಡುವುದಿಲ್ಲ, ದನಿ ಸಾಕು.

"ಒಡಾಲಿಸ್ ದನಿ ಆ ಗಂಟಲಿನ ಕರಕರ ಸಮೇತ ಬಂತಲ್ಲ! ಮಾರ್ಲೋ, ಏಳು."

ನಾಟಕ ವಿಭಾಗದ ಮಾರ್ಲೋ ಎದ್ದಳು. "ಕ್ಲಾಸು ಮುಚ್ಚಿಬಿಡ್ತಾರೆ ಮಿಸ್. ನಿಮಗೋಸ್ಕರಾನೇ ಅವಳ ದನಿ ಮಾಡಿದ್ದು."

"ಇವತ್ತಿನ ಪಾಠ ಏನು?"

"ಚುನಾವಣೆ."

"ಊರಲ್ಲಿಲ್ಲದವರ ಹೆಸರಲ್ಲಿ ವೋಟು ಹಾಕಿದ್ರೆ?"

"...ಕಳ್ಳವೋಟು."

"ಕೂತ್ಕೋ. ನಟನೆಗೆ ಮಾತ್ರ ನೂರಕ್ಕೆ ನೂರು."

ನಾನು ವರ್ನಾ ಅವರನ್ನು ಬಾಗಿಲಾಚೆ ಕರೆದು, "ಫೋನು ಬಂದಿದ್ದನ್ನ ನಾನು ಮರೆತುಬಿಡ್ತೀನಿ. ಹಾಗೇ ಬಿಟ್ಬಿಡಿ," ಎಂದು ಪಿಸುಗುಟ್ಟಿದೆ.

"ನನಗೂ ಆಸೆ ಆಗ್ತಿದೆ ಮಗಳೇ. ಅದಕ್ಕೇ ಬೇಗ ಪೆನ್ನು ಕೊಡು."

ಒಡಾಲಿಸ್‌ಳ ಹೆಸರಿನ ಮುಂದೆ ಗೈರುಹಾಜರಿ ಎಂದು ತಿದ್ದಿದರು. ಒಳಗೆ ಹೋಗಿ, ಆ ದಿನದ ಪಾಠವನ್ನು ಕೊನೆಯ ಗಂಟೆಯವರೆಗೂ ಮಾಡಿದರು.

ಮರುದಿನ ಒಂಬತ್ತು ಮಕ್ಕಳೂ ಗ್ರಂಥಾಲಯದಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪರದೆ ನೋಡುತ್ತಿದ್ದರು. ವರ್ನಾ ತಮ್ಮ ಪುಸ್ತಕಗಳ ಪೆಟ್ಟಿಗೆ ಒಯ್ಯಲು ಬಂದವರು ಗಾಜಿನ ಬಾಗಿಲ ಬಳಿ ನಿಂತರು. ಮಾರ್ಲೋ ಏನೋ ಅರ್ಥವಾಗದೆ ಕೈ ಎತ್ತಿದಳು. ವರ್ನಾ ಬಾಗಿಲು ತಳ್ಳಿ ಒಂದು ಹೆಜ್ಜೆ ಒಳಗಿಟ್ಟರು. ಅಷ್ಟರಲ್ಲಿ ಗ್ರಂಥಾಲಯದ ಮೇಲ್ವಿಚಾರಕಿ ಹೋಗಿ ಯಾವುದೋ ಗುಂಡಿ ಒತ್ತಿ ತೋರಿಸಿದರು. ಮಾರ್ಲೋ ಕೈ ಇಳಿಸಿದಳು.

ವರ್ನಾ ಬಾಗಿಲನ್ನು ಸದ್ದಾಗದಂತೆ ಮುಚ್ಚಿ, ಪೆಟ್ಟಿಗೆ ಎತ್ತಿಕೊಂಡು ಕಾರಿನ ಕಡೆ ನಡೆದರು. ಗಂಟೆ ಇನ್ನೂ ಹತ್ತೂ ಆಗಿರಲಿಲ್ಲ.